ಹನ್ನೊಂದರ ಮಗಳ ಉಬ್ಬು ಹಲ್ಲು: ಈಗಲೇ ಪ್ಲೇಟ್ ಹಾಕಿಸಬೇಕೇ, ಕ್ಲಿಪ್ಪಿಗಾಗಿ ಕಾಯಬೇಕೇ?

ಪ್ರಶ್ನೆ: ಕುಷ್ಟಗಿಯ ತಾಯಿ

ನನ್ನ ಮಗಳಿಗೆ ಈಗ 11 ವರ್ಷ. ಮೇಲಿನ ಮುಂಭಾಗದ ಹಲ್ಲುಗಳು ಬಹಳ ಮುಂದಕ್ಕೆ ಚಾಚಿವೆ. ಸುಮ್ಮನೆ ಕುಳಿತಾಗ ತುಟಿಗಳು ಕೂಡುವುದಿಲ್ಲ, ಪಕ್ಕದಿಂದ ನೋಡಿದರೆ ಗದ್ದ ಹಿಂದೆ ಸರಿದಂತೆ ಕಾಣುತ್ತದೆ. ನಮ್ಮೂರಿನ ದಂತವೈದ್ಯರು ಹಾಲುಹಲ್ಲುಗಳೆಲ್ಲ ಬಿದ್ದ ಮೇಲೆ ಕ್ಲಿಪ್ ಹಾಕಿದರಾಯಿತು, ಅಲ್ಲಿಯವರೆಗೆ ಕಾಯಿರಿ ಎಂದರು. ಕೊಪ್ಪಳದಲ್ಲಿ ತೋರಿಸಿದಾಗ ಅಲ್ಲಿಯ ವೈದ್ಯರು ಕಾದರೆ ಅವಕಾಶ ತಪ್ಪುತ್ತದೆ, ಮೇಲೊಂದು ಕೆಳಗೊಂದು ಪ್ಲೇಟ್ ಈಗಲೇ ಕೊಡಬೇಕು, ಕ್ಲಿಪ್ ಆಮೇಲಿನ ಮಾತು ಎಂದರು. ಹೀಗಾದರೆ ಎರಡು ಸಲ ಖರ್ಚಾಗುವುದಿಲ್ಲವೇ ಎಂಬುದು ನಮ್ಮ ಮನೆಯವರ ಚಿಂತೆ. ಇದರ ನಡುವೆ 18 ವರ್ಷದ ಮಗ, ಕೆಳಗಿನ ಹಲ್ಲುಗಳು ಒತ್ತೊತ್ತಾಗಿ ಬಂದಿವೆಯೆಂದು, ತನಗೆ ಕಣ್ಣಿಗೆ ಕಾಣದ, ಅಲೈನರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗಳೇ ಬೇಕೆಂದು ಹಟ ಹಿಡಿದಿದ್ದಾನೆ. ಈ ಸಾಧನಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ರಾಯಚೂರಿನ ಆರ್ಥೋಡಾಂಟಿಸ್ಟ್

ಅಮ್ಮಾ, ಸಾಧನದ ಹೆಸರಿಗಿಂತ ಮೊದಲು ಎರಡು ಸಂಗತಿಗಳು ಇತ್ಯರ್ಥವಾಗಬೇಕು. ದೋಷ ಹಲ್ಲಿನದೋ ದವಡೆಯ ಮೂಳೆಯದೋ ಎಂಬುದು ಮೊದಲನೆಯದು. ಮೂಳೆಯದಾದರೆ ಬೆಳವಣಿಗೆ ಇನ್ನೆಷ್ಟು ಉಳಿದಿದೆ ಎಂಬುದು ಎರಡನೆಯದು. ನಿಮ್ಮ ಇಬ್ಬರು ಮಕ್ಕಳ ದಾರಿ ಬೇರೆ ಬೇರೆಯಾಗುವುದು ಇಲ್ಲಿಯೇ.

ಮಗಳ ಬಗ್ಗೆ ನೀವು ಬರೆದಿರುವುದನ್ನು ನೋಡಿದರೆ ಕೆಳದವಡೆ ಹಿಂದುಳಿದಿರುವ ಸಾಧ್ಯತೆ ಹೆಚ್ಚು. ಮುಖದ ಪಕ್ಕದಿಂದ ತೆಗೆಯುವ ಸೆಫಲೋಗ್ರಾಮ್ ಎಂಬ ಎಕ್ಸ್‌ರೇಯಿಂದ ಇದು ಖಚಿತವಾಗುತ್ತದೆ. ಅದೇ ಚಿತ್ರದಲ್ಲಿ ಕಾಣುವ ಕತ್ತಿನ ಮೂಳೆಗಳ ಆಕಾರವು ಬೆಳವಣಿಗೆ ಯಾವ ಹಂತದಲ್ಲಿದೆ ಎಂಬುದನ್ನೂ ತಿಳಿಸುತ್ತದೆ. ಕೊಪ್ಪಳದ ವೈದ್ಯರು ಹೇಳಿದ್ದು ಬಹುಶಃ ಟ್ವಿನ್ ಬ್ಲಾಕ್ ಎಂಬ ಸಾಧನ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಇದನ್ನು 1977ರಲ್ಲಿ ರೂಪಿಸಿದರು. ಅಕ್ರಿಲಿಕ್‌ನ ಎರಡು ಪ್ಲೇಟುಗಳಿಗೂ ಇಳಿಜಾರಾದ ದಿಮ್ಮಿಗಳಿರುತ್ತವೆ. ಬಾಯಿ ಮುಚ್ಚಿದಾಗ ಅವು ಒಂದಕ್ಕೊಂದು ತಗುಲಿ ಜಾರುವುದರಿಂದ ಕೆಳದವಡೆ ಮುಂದಕ್ಕೆ ಬಂದೇ ನಿಲ್ಲಬೇಕಾಗುತ್ತದೆ. ಊಟದ ಹೊತ್ತೂ ಸೇರಿದಂತೆ ದಿನವಿಡೀ ಧರಿಸಿದರೆ ಸಾಮಾನ್ಯವಾಗಿ 6ರಿಂದ 9 ತಿಂಗಳಲ್ಲಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವಿನ ಅಂತರ ತಗ್ಗುತ್ತದೆ. ಹೆಣ್ಣುಮಕ್ಕಳಲ್ಲಿ ಋತುಮತಿಯಾಗುವುದಕ್ಕೆ ಸ್ವಲ್ಪ ಮುಂಚೆ ಎತ್ತರ ಭರದಿಂದ ಹೆಚ್ಚುವ ಕಾಲವೇ ಇದಕ್ಕೆ ತಕ್ಕ ಸಮಯ.

ಆದರೆ ಪ್ಲೇಟ್ ಹಾಕಿದೊಡನೆ ದವಡೆ ಸೆಂಟಿಮೀಟರುಗಟ್ಟಲೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಧಾರಣೆಯ ಹೆಚ್ಚಿನ ಪಾಲು ಹಲ್ಲುಗಳ ವಾಲುವಿಕೆಯಿಂದಲೇ ಬರುತ್ತದೆ, ಮೂಳೆಯ ಪಾಲು ಕೆಲವೇ ಮಿಲಿಮೀಟರುಗಳದ್ದು. ಹಾಗಿದ್ದರೂ ನಾನು ಕಾಯುವ ಪಕ್ಷದವನಲ್ಲ. ಮುಂದೆ ಚಾಚಿದ ಹಲ್ಲು ಆಟದಲ್ಲಿ ಬಿದ್ದಾಗ ಮೊದಲು ಮುರಿಯುವ ಹಲ್ಲು. ಅದನ್ನು ಬೇಗ ಒಳಗೆ ತಂದರೆ ಆ ಅಪಾಯ ತಗ್ಗುತ್ತದೆಂಬುದಕ್ಕೆ ಒಳ್ಳೆಯ ಆಧಾರವಿದೆ. ಕ್ಲಿಪ್ ಮುಂದೆಯೂ ಬೇಕಾಗಬಹುದು, ನಿಜ. ಆದರೆ ಆಗ ಅದರ ಕೆಲಸ ಕಡಿಮೆಯಿರುತ್ತದೆ, ಕೆಲವರಲ್ಲಿ ಹಲ್ಲು ಕೀಳಿಸುವ ಪ್ರಸಂಗವೂ ತಪ್ಪುತ್ತದೆ. ಬೆಳವಣಿಗೆ ಪೂರ್ತಿ ನಿಂತ ಮೇಲೆ ತೀವ್ರ ದವಡೆ ದೋಷಕ್ಕೆ ಉಳಿಯುವುದು ಹಲ್ಲುಗಳನ್ನು ವಾಲಿಸಿ ಮರೆಮಾಡುವುದು ಅಥವಾ ಶಸ್ತ್ರಚಿಕಿತ್ಸೆ, ಎರಡೇ.

ಮಗನದು ಬರೀ ಹಲ್ಲುಗಳ ಇಕ್ಕಟ್ಟಾದರೆ ಅಲೈನರೂ ಆಗುತ್ತದೆ, ಕ್ಲಿಪ್ಪೂ ಆಗುತ್ತದೆ. ಅಲೈನರಿನ ಒಂದೊಂದು ತಟ್ಟೆಯೂ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ಒಂದೆರಡು ವಾರಕ್ಕೊಮ್ಮೆ ಅದನ್ನು ಬದಲಿಸಬೇಕು, ದಿನಕ್ಕೆ 20ರಿಂದ 22 ತಾಸು ಬಾಯಲ್ಲಿರಬೇಕು. ಅಷ್ಟು ಶಿಸ್ತು ಇಲ್ಲದವರಿಗೆ ಅಂಟಿಸಿದ ಕ್ಲಿಪ್ಪೇ ಮೇಲು, ಏಕೆಂದರೆ ಅದನ್ನು ಅವರು ತೆಗೆದಿಡಲಾರರು. ಕ್ಲಿಪ್ಪಿನಲ್ಲಿ ಮೊದಲು ಕೂರಿಸುವ ನಿಕಲ್-ಟೈಟಾನಿಯಂ ತಂತಿ ಎಷ್ಟು ಬಾಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳುತ್ತಾ ಹಲ್ಲುಗಳನ್ನು ಮೆಲ್ಲನೆ ಸಾಲಿಗೆ ಎಳೆದುಕೊಳ್ಳುತ್ತದೆ. ನಂತರ ಗಟ್ಟಿಯಾದ ಸ್ಟೀಲ್ ತಂತಿ ಬರುತ್ತದೆ. ತಂತಿ ಹಿಡಿಯಲು ಪ್ರತಿ ಹಲ್ಲಿಗೂ ಅಂಟಿಸುವ ಚಿಕ್ಕ ತುಣುಕೇ ಬ್ರಾಕೆಟ್. ಹಲ್ಲಿನ ಬಣ್ಣದ ಸೆರಾಮಿಕ್ ಬ್ರಾಕೆಟ್ ಕಡಿಮೆ ಎದ್ದು ಕಾಣುತ್ತದೆ, ಆದರೆ ಒಡೆಯುವುದು ಬೇಗ. ತಂತಿಯನ್ನು ತಾವೇ ಹಿಡಿದುಕೊಳ್ಳುವ ಪುಟ್ಟ ಬಾಗಿಲಿರುವ ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್ಟುಗಳು ಚಿಕಿತ್ಸೆಯನ್ನು ಬೇಗ ಮುಗಿಸುತ್ತವೆ ಎಂಬ ಜಾಹೀರಾತಿನ ಮಾತು ಅಧ್ಯಯನಗಳಲ್ಲಿ ನಿಂತಿಲ್ಲ. ಯಾವುದನ್ನೇ ಹಾಕಿದರೂ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಒಂದೂವರೆಯಿಂದ ಎರಡು ವರ್ಷ ಹಿಡಿಯುವುದು ಅದಕ್ಕೇ.

ಉತ್ತರ: ಸಂಡೂರಿನ ವಿದ್ಯಾರ್ಥಿ

ಅಕ್ಕಾ, ನಾನು ಬಳ್ಳಾರಿಯಲ್ಲಿ ಓದುತ್ತಿದ್ದೇನೆ, ಲೋಹದ ಕ್ಲಿಪ್ ಹಾಕಿಸಿಕೊಂಡಿದ್ದೇನೆ. ನಿಮ್ಮ ಮಗ ಅಂಜುವಷ್ಟು ಜನ ಅದನ್ನು ನೋಡುವುದಿಲ್ಲ. ತೊಂದರೆಯಿರುವುದು ಊಟದಲ್ಲಿ. ಕಟಕ್ ರೊಟ್ಟಿ, ಶೇಂಗಾ ಚಿಕ್ಕಿ, ಕಬ್ಬು, ಹುರಿಗಡಲೆ ಇವೆಲ್ಲ ಬ್ರಾಕೆಟ್ ಕೀಳಿಸುವ ಪದಾರ್ಥಗಳು. ಬಿಸಿ ಜೋಳದ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ಸಣ್ಣ ತುತ್ತು ಮಾಡಿ ತಿಂದರೆ ಅಡ್ಡಿಯಿಲ್ಲ. ತಂತಿ ಬಿಗಿ ಮಾಡಿದ ಮೇಲೆ ಎರಡು ಮೂರು ದಿನ ನೋವಿರುತ್ತದೆ. ಕೆನ್ನೆಗೆ ಚುಚ್ಚುವ ಕಡೆಗೆ ಹಚ್ಚಲು ವೈದ್ಯರು ಕೊಡುವ ಮೇಣವನ್ನು ಜೇಬಿನಲ್ಲೇ ಇಟ್ಟುಕೊಳ್ಳಲು ಹೇಳಿ. ನನ್ನ ರೂಮಿನವನೊಬ್ಬ ಅಲೈನರ್ ಹಾಕಿಕೊಂಡಿದ್ದಾನೆ. ಅವನು ಪ್ರತಿ ಸಲ ಚಹಾ ಕುಡಿಯುವಾಗ ಅದನ್ನು ತೆಗೆಯಬೇಕು, ಬಾಯಿ ಮುಕ್ಕಳಿಸಿ ಮತ್ತೆ ಹಾಕಬೇಕು. ಚಹಾ ಬಿಡಲಾರದವರಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಉತ್ತರ: ಲಿಂಗಸುಗೂರಿನ ಶಿಕ್ಷಕ

ಇದಕ್ಕೆ ವಿರುದ್ಧವಾದ ದೋಷವೂ ಉಂಟೆಂಬುದನ್ನು ಓದುಗರು ಗಮನಿಸಬೇಕು. ನನ್ನ ತಂಗಿಯ ಮಗನಿಗೆ ಕೆಳಹಲ್ಲುಗಳೇ ಮೇಲಿನ ಹಲ್ಲುಗಳ ಮುಂದೆ ಬರುತ್ತಿದ್ದವು. ಅವನಿಗೆ ಎಂಟನೆಯ ವಯಸ್ಸಿನಲ್ಲಿ ಹಣೆ ಮತ್ತು ಗದ್ದಕ್ಕೆ ಆನಿಸುವ ಫೇಸ್‌ಮಾಸ್ಕ್ ಕೊಟ್ಟು, ರಬ್ಬರ್ ಬ್ಯಾಂಡುಗಳಿಂದ ಮೇಲ್ದವಡೆಯನ್ನು ಮುಂದಕ್ಕೆ ಎಳೆಸಿದರು. ಅಂಗುಳಕ್ಕೆ ಅದನ್ನು ಅಗಲಿಸುವ ಎಕ್ಸ್‌ಪಾಂಡರ್ ಕೂರಿಸಿ, ಚಿಕ್ಕ ಕೀಲಿಯನ್ನು ವೈದ್ಯರು ಹೇಳಿದಷ್ಟು ಸಲ ಮನೆಯಲ್ಲೇ ತಿರುಗಿಸಲು ತಾಯಿಗೆ ಕಲಿಸಿದರು. ನಡುವಿನ ಎರಡು ಹಲ್ಲುಗಳ ಮಧ್ಯೆ ಸಂದು ಬಿದ್ದಾಗ ಮನೆಯವರೆಲ್ಲ ಗಾಬರಿಯಾದರು. ಅಂಗುಳದ ಮೂಳೆಯ ಜೋಡಣೆ ತೆರೆದುಕೊಂಡದ್ದರ ಗುರುತು ಅದೇ ಎಂದು ವೈದ್ಯರು ಸಮಾಧಾನ ಹೇಳಿದರು. ಮಾಸ್ಕನ್ನು ಮನೆಯಲ್ಲಿ, ಹೆಚ್ಚಾಗಿ ರಾತ್ರಿ ಹಾಕಿದರಾಯಿತು, ಶಾಲೆಗೆ ಹಾಕಿಕೊಂಡು ಹೋಗುವ ಅಗತ್ಯ ಬರಲಿಲ್ಲ. ಏಳನೆಯ ವಯಸ್ಸಿಗೇ ಒಮ್ಮೆ ತೋರಿಸುವುದು ಒಳ್ಳೆಯದೆಂದು ನಾನು ನಮ್ಮ ಶಾಲೆಯ ಪಾಲಕರಿಗೆ ಹೇಳುತ್ತಿರುತ್ತೇನೆ.

ಮರುಪ್ರಶ್ನೆ: ಕುಷ್ಟಗಿಯ ತಾಯಿ

ಎಲ್ಲರಿಗೂ ಧನ್ಯವಾದಗಳು. ಡಾಕ್ಟರರೇ, ಇನ್ನೊಂದು ಮಾತು. ನಮ್ಮ ಕಡೆ ಬೋರ್‌ವೆಲ್ ನೀರು ಕುಡಿದು ಮಕ್ಕಳಿಬ್ಬರ ಹಲ್ಲಿನ ಮೇಲೂ ಕಂದು ಮತ್ತು ಬಿಳಿ ಮಚ್ಚೆಗಳಿವೆ. ಅಂಥ ಹಲ್ಲಿಗೆ ಕ್ಲಿಪ್ ಅಂಟುತ್ತದೆಯೇ? ಕ್ಲಿಪ್ಪಿನಿಂದ ಕಲೆ ಹೋಗುತ್ತದೆಯೇ?

ಉತ್ತರ: ರಾಯಚೂರಿನ ಆರ್ಥೋಡಾಂಟಿಸ್ಟ್

ಇದನ್ನು ನೀವು ಕೇಳಿದ್ದು ಒಳ್ಳೆಯದಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಹೊಸ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಆ ನೀರು ಕುಡಿದವರ ಹಲ್ಲಿನ ಗಟ್ಟಿ ಹೊರಕವಚವಾದ ಎನಾಮಲ್‌ನಲ್ಲಿ ಈ ಮಚ್ಚೆಗಳು ಉಳಿಯುತ್ತವೆ.

ಬ್ರಾಕೆಟ್ ಅಂಟಿಸುವ ಮೊದಲು ಹಲ್ಲಿನ ಮೈಯನ್ನು ಫಾಸ್ಫಾರಿಕ್ ಆಮ್ಲದಿಂದ ಕೆಲವು ಸೆಕೆಂಡು ಒರಟು ಮಾಡುತ್ತೇವೆ. ಫ್ಲೋರೋಸಿಸ್, ಅಂದರೆ ಫ್ಲೋರೈಡಿನ ಈ ಮಚ್ಚೆ, ಇರುವ ಎನಾಮಲ್‌ನ ಹೊರಪದರ ಆ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಆದ್ದರಿಂದ ಬ್ರಾಕೆಟ್ಟುಗಳು ಪದೇ ಪದೇ ಕಳಚುತ್ತವೆ. ಹೊರಪದರವನ್ನು ತುಸು ಉಜ್ಜಿ, ಆಮ್ಲವನ್ನು ಇನ್ನಷ್ಟು ಹೊತ್ತು ಬಿಟ್ಟರೆ ಹಿಡಿತ ಬಲವಾಗುತ್ತದೆ. ನಮ್ಮ ಭಾಗದ ವೈದ್ಯರಿಗೆ ಇದು ದಿನನಿತ್ಯದ ಕೆಲಸ. ಅಲೈನರ್ ಹಿಡಿದುಕೊಳ್ಳಲೆಂದು ಹಲ್ಲಿನ ಮೇಲೆ ಅಂಟಿಸುವ ಚಿಕ್ಕ ಉಬ್ಬುಗಳಿಗೂ ಇದೇ ತೊಡಕು ಇರುವುದರಿಂದ, ಅಲೈನರ್ ಆರಿಸಿಕೊಂಡರೆ ಇದು ತಪ್ಪೀತು ಎಂದು ನಿಮ್ಮ ಮಗ ಭಾವಿಸಬಾರದು. ಟ್ವಿನ್ ಬ್ಲಾಕ್ ಮಾತ್ರ ಸ್ಟೀಲ್ ಕೊಂಡಿಗಳಿಂದ ಹಲ್ಲನ್ನು ಹಿಡಿದು ನಿಲ್ಲುವುದರಿಂದ ಮಗಳಿಗೆ ಸದ್ಯಕ್ಕೆ ಈ ಚಿಂತೆಯಿಲ್ಲ.

ಕ್ಲಿಪ್ಪಿನಿಂದ ಕಲೆ ಹೋಗದು. ಅದಕ್ಕೆ ಬೇರೆ ಚಿಕಿತ್ಸೆಯಿದೆ, ಹಲ್ಲುಗಳು ಸಾಲಾದ ಮೇಲೆ ಮಾಡಿಸುವುದು ಸೂಕ್ತ. ಚಿಕಿತ್ಸೆ ಆರಂಭಿಸುವ ಮುನ್ನ ಹಲ್ಲುಗಳ ಸ್ಪಷ್ಟ ಫೋಟೊ ತೆಗೆಸಿಟ್ಟುಕೊಳ್ಳಿ. ಸರಿಯಾಗಿ ಉಜ್ಜದಿದ್ದರೆ ಬ್ರಾಕೆಟ್ಟಿನ ಸುತ್ತ ಹುಳುಕಿನ ಮುನ್ಸೂಚನೆಯಾಗಿ ಬಿಳಿ ಗುರುತುಗಳು ಮೂಡುತ್ತವೆ. ಹಳೆಯ ಮಚ್ಚೆ ಯಾವುದು, ಹೊಸದು ಯಾವುದು ಎಂಬುದು ಫೋಟೊ ಇಲ್ಲದೆ ಆಮೇಲೆ ತಿಳಿಯುವುದಿಲ್ಲ.

ಖರ್ಚಿನ ಬಗ್ಗೆ ಹೇಳುವುದಾದರೆ, ರಾಯಚೂರು ಮತ್ತು ಬಳ್ಳಾರಿಯ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗವಿದೆ. ದರವನ್ನು ಅಲ್ಲಿಯೂ ವಿಚಾರಿಸಿ. ಹಣ ಕಟ್ಟುವ ಮುನ್ನ ಹಲ್ಲು ಹೊಸ ಜಾಗದಲ್ಲೇ ನಿಲ್ಲಲೆಂದು ಕೊನೆಯಲ್ಲಿ ಕೊಡುವ ರಿಟೈನರ್ ಆ ಮೊತ್ತದಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಿ. ಹಲ್ಲನ್ನು ಹಿಡಿದಿರುವ ಒಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ವರ್ಷದ ಹತ್ತಿರ ಬೇಕಾಗುತ್ತದೆ, ಅಲ್ಲಿಯವರೆಗೆ ರಿಟೈನರ್ ಬಿಟ್ಟರೆ ಹಲ್ಲು ಹಿಂದಿರುಗುತ್ತದೆ. ಕೆಳಗಿನ ಮುಂಭಾಗದ ಹಲ್ಲುಗಳಿಗಂತೂ ಹಿಂಬದಿಯಲ್ಲಿ ಅಂಟಿಸುವ ತೆಳು ತಂತಿಯನ್ನು ನಾನು ಹಲವು ವರ್ಷ ತೆಗೆಯುವುದಿಲ್ಲ. ಪ್ಲಾಸ್ಟಿಕ್ ರಿಟೈನರ್ ಆದರೆ ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಅದನ್ನು ಬಿಡಬಾರದು, ಬಿಸಿನೀರಿನಲ್ಲಿ ತೊಳೆಯಲೂಬಾರದು. ಆಕಾರ ಕೆಟ್ಟರೆ ಹೊಸದನ್ನೇ ಮಾಡಿಸಬೇಕಾಗುತ್ತದೆ.