ಒರಳಿಗೆ ತೊಗಲು ಕಟ್ಟಿದ ಟಿಂಡೆ: ಮಳೆಗಾಲದಲ್ಲಿ ನಾದ ಉಳಿಯುವುದಿಲ್ಲ

ಬದಿಯಡ್ಕದಿಂದ ಪ್ರಶ್ನೆ:
ಸಹಾರಾದ ತುವಾರೆಗ್ ಹೆಂಗಸರು ಬಾರಿಸುವ ಟಿಂಡೆಯ ಕ್ರಮದಲ್ಲಿ ಮರದ ಒರಳಿಗೆ (ಬಾಯಿ 10 ಇಂಚು) ಆಡಿನ ತೊಗಲು ಕಟ್ಟಿದ್ದೇವೆ. ಚೆಂಡೆಯ ಹಾಗೆ ಒಣಗಿಸಿ ಹಗ್ಗದಲ್ಲಿ ಬಿಗಿದದ್ದು. ಬಿಸಿಲಿಗೆ ಗಟ್ಟಿ ನಾದ, ಮಳೆ ಹಿಡಿದರೆ ಸಡಿಲ. ಬೆಂಕಿಯ ಕಾವು ಕೊಟ್ಟರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಏನು ಮಾಡಬಹುದು?

ಕುಂಬಳೆಯಿಂದ:
ಒಣಗಿಸಿ ಬಿಗಿದದ್ದೇ ತೊಂದರೆ. ಟಿಂಡೆಯ ತೊಗಲು ಒದ್ದೆಯಾಗಿಯೇ ಇರಬೇಕು. ಮರಳುಗಾಡಿನ ಒಣಹವೆಗೆ ಅದು ಬೇಗ ಸೆಟೆಯುತ್ತದೆ, ಅದಕ್ಕೇ ಅಲ್ಲಿ ನಡುನಡುವೆ ನೀರು ಚಿಮುಕಿಸುತ್ತಾರೆ. ಬಿಗಿ ಬರುವುದು ಕೂತವರ ಭಾರದಿಂದ. ಒರಳಿನ ಎರಡೂ ಬದಿಗೆ ಒಂದೊಂದು ಒನಕೆ ಅಡ್ಡ ಇಟ್ಟು, ತೊಗಲಿನ ಅಂಚನ್ನು ಅದಕ್ಕೆ ಸುತ್ತಿ ಕಟ್ಟಿ. ಎರಡು ತುದಿಯಲ್ಲೂ ಒಬ್ಬೊಬ್ಬರು ಎರಡೂ ಒನಕೆಗಳ ಮೇಲೆ ಕೂರಲಿ. ನಾದ ಬಿದ್ದರೆ ಅವರು ಇನ್ನಷ್ಟು ಭಾರ ಹಾಕಿ ಕೂತರಾಯಿತು. ಒನಕೆ ನೆಲಕ್ಕೆ ತಾಗಬಾರದು. ತಾಗಿದರೆ ಭಾರವೆಲ್ಲ ನೆಲಕ್ಕೇ ಹೋಗಿ ತೊಗಲು ಸಡಿಲವಾಗಿಯೇ ಇರುತ್ತದೆ. ನಿಮ್ಮ ಬಾಯಿಗೆ ಎರಡು ಅಡಿ ಅಗಲದ ತೊಗಲು ಬೇಕು. ಅಂಚಿಗೆ ತೂತು ಕೊರೆಯಬೇಡಿ, ಎಳೆತಕ್ಕೆ ಅಲ್ಲಿಂದಲೇ ಹರಿಯುತ್ತದೆ.

ಬದಿಯಡ್ಕದಿಂದ:
ತೊಗಲು ಉಪ್ಪು ಹಾಕಿಟ್ಟದ್ದು. ಪರವಾಗಿಲ್ಲವೇ?

ಕುಂಬಳೆಯಿಂದ:
ಉಪ್ಪು ಗಾಳಿಯ ತೇವ ಹೀರುತ್ತದೆ. ನಾಲ್ಕೈದು ನೀರು ಬದಲಿಸಿ ತೊಳೆದು, ರಾತ್ರಿಯಿಡೀ ನೆನೆಸಿ ಕಟ್ಟಿ. ಬಾರಿಸಿದ ದಿನವೇ ಬಿಚ್ಚಿ ನೆರಳಲ್ಲಿ ಹರಡಬೇಕು. ಒರಳಲ್ಲೇ ಬಿಟ್ಟರೆ ಆಟಿ ತಿಂಗಳ ಮಳೆಹವೆಗೆ ಬೂಷ್ಟು ಹಿಡಿದು ಕೊಳೆಯುತ್ತದೆ.

ಪೆರ್ಲದಿಂದ:
ಜೊತೆಗೆ ಅಗಲ ಪಾತ್ರೆಯಲ್ಲಿ ನೀರು ತುಂಬಿ, ಅರ್ಧ ಸೋರೆಬುರುಡೆ ಕವುಚಿ ತೇಲಿಸಿ ಬಡಿಯಿರಿ. ಅದೂ ಅಲ್ಲಿಯ ಕ್ರಮವೇ. ತಗ್ಗಿನ ನಾದ ತುಂಬಿ ಬರುತ್ತದೆ. ಬುರುಡೆ ಪಾತ್ರೆಯ ತಳಕ್ಕೆ ತಾಗದಷ್ಟು ನೀರಿರಲಿ. ಕೇಳಿ ಕಲಿಯಲು ನೈಜರ್‌ನ ಲೆ ಫಿಯ್ ದ ಇಲ್ಲಿಘಾದಾದ್ ತಂಡವೇ ಒಳ್ಳೆಯದು: ಟಿಂಡೆ, ಗಿಟಾರು, ಚಪ್ಪಾಳೆ ಒಟ್ಟಿಗೇ ಇವೆ, ಒಂದನ್ನೊಂದು ಮುಚ್ಚುವುದಿಲ್ಲ.

ಮಂಜೇಶ್ವರದಿಂದ:
ರೆಕಾರ್ಡ್ ಮಾಡುವುದಿದ್ದರೆ ತಗಡಿನ ಮಾಡಿನಡಿ ಬೇಡ, ಮಳೆಯ ಸದ್ದು ಆಮೇಲೆ ತೆಗೆಯಲು ಬರುವುದಿಲ್ಲ. ತುವಾರೆಗರದ್ದೇ ಆದ ತಿನಾರಿವೆನ್ ತಂಡದ 2011ರ ಆಲ್ಬಮ್ ‘ತಸ್ಸಿಲಿ’ ಅಲ್ಜೀರಿಯಾದ ಮರಳುಗಾಡಿನ ಡೇರೆಯಲ್ಲಿ ರೆಕಾರ್ಡ್ ಆದದ್ದು. ಬಟ್ಟೆಯ ಗೋಡೆ ಸದ್ದನ್ನು ಅಷ್ಟಾಗಿ ಮರಳಿಸುವುದಿಲ್ಲ. ಇಲ್ಲಿ ಹೆಂಚಿನ ಮನೆಯ ಒಳಕೋಣೆಯಲ್ಲಿ ಕಂಬಳಿ ತೂಗಿಸಿದರೆ ಸಾಕು. ಸ್ಟೀರಿಯೋ ಮೈಕ್ ಒಂದು ಜೊತೆ, ಹಾಡುವವರಿಂದ ಐದಡಿ ದೂರ. ಚಪ್ಪಾಳೆಯವರನ್ನು ಹಿಂದೆ ಕೂರಿಸಿ. ರೆಕಾರ್ಡರಿನಲ್ಲಿ ಸದ್ದಿನ ಮಟ್ಟ ತೋರಿಸುವ ಮೀಟರಿನ ಮುಳ್ಳು ಮೊದಲು ಹಾರುವುದು ಟಿಂಡೆಗಲ್ಲ, ಚಪ್ಪಾಳೆಗೆ. ಅದು -12 ಡೆಸಿಬೆಲ್ ದಾಟದ ಹಾಗೆ ಮಟ್ಟ ಇಡಿ.