ದೊಡ್ಡ ಅಲೆಗೆಂದು ಲೀಟರ್ ಹೆಚ್ಚಿಸಿದ ಮೇಲೆ ಸರ್ಫ್‌ಬೋರ್ಡ್‌ನ ಬಾಲ ಜಾರುತ್ತಿದೆ

ಪ್ರಶ್ನೆ:
ನನ್ನ ತೂಕ 75 ಕಿಲೊ. ಎದೆಮಟ್ಟದ ಅಲೆಗಳಲ್ಲಿ 5 ಅಡಿ 10 ಇಂಚು ಉದ್ದ, 19.5 ಇಂಚು ಅಗಲ, 29 ಲೀಟರ್ ಗಾತ್ರದ ಶಾರ್ಟ್‌ಬೋರ್ಡ್ (ಗಿಡ್ಡ ಸರ್ಫ್‌ಬೋರ್ಡ್) ಬಳಸುತ್ತಿದ್ದೆ. ಅಲೆ ತಲೆಗಿಂತ ಎತ್ತರವಾದಾಗ ಅದರ ವೇಗಕ್ಕೆ ತಕ್ಕಂತೆ ಮಲಗಿ ಕೈಯಿಂದ ಪ್ಯಾಡಲ್ ಮಾಡಲಾಗದೆ, ತಡವಾಗಿ ಎದ್ದು ನಿಂತು, ಮೂತಿ ನೀರಿಗೆ ಚುಚ್ಚಿಕೊಳ್ಳುತ್ತಿತ್ತು. ಲೀಟರ್ ಹೆಚ್ಚಿಸಿದರೆ ಸಾಕೆಂದುಕೊಂಡು 6 ಅಡಿ ಉದ್ದ, 20.5 ಇಂಚು ಅಗಲ, 35 ಲೀಟರಿನ ಸ್ಕ್ವಾಷ್ ಟೇಲ್ (ಮೂಲೆ ದುಂಡಾದ ಚೌಕ ಬಾಲದ) ಬೋರ್ಡ್ ಕೊಂಡೆ. ಈಗ ಅಲೆ ಬೇಗ ಸಿಗುತ್ತದೆ, ಆದರೆ ಕೆಳಗಿಳಿದು ಬಾಟಮ್ ಟರ್ನ್‌ಗೆ (ಅಲೆಯ ಬುಡದಲ್ಲಿ ತಿರುಗಲು) ವಾಲಿದೊಡನೆ ಬಾಲ ಪಟಪಟನೆ ಪುಟಿದು ಪಕ್ಕಕ್ಕೆ ಜಾರುತ್ತದೆ. ತಪ್ಪು ಫಿನ್‌ನದೋ (ಬಾಲದ ತಳದಲ್ಲಿರುವ ರೆಕ್ಕೆ), ನನ್ನದೋ?

ಉತ್ತರ 1:
ಮೊದಲು ಫಿನ್ ನೋಡಿ. ಮೀಡಿಯಂ ಇದ್ದರೆ ಲಾರ್ಜ್ ಹಾಕಿ ಪರೀಕ್ಷಿಸಿ.

ಪ್ರಶ್ನಿಸಿದವರು:
ಹಾಕಿ ನೋಡಿದೆ. ಜಾರುವುದು ತುಸು ಕಡಿಮೆಯಾಯಿತು, ಪುಟಿಯುವುದು ಹಾಗೆಯೇ ಇದೆ.

ಉತ್ತರ 2:
ಹಾಗಾದರೆ ತಪ್ಪು ಫಿನ್‌ನದಲ್ಲ. ಒಂದು ಟೇಪು ತೆಗೆದುಕೊಂಡು, ಬಾಲದ ತುದಿಯಿಂದ 12 ಇಂಚು ಮುಂದಕ್ಕೆ ಗುರುತು ಹಾಕಿ, ಅಲ್ಲಿನ ಅಗಲವನ್ನು ಅಳೆದು ತಿಳಿಸಿ.

ಪ್ರಶ್ನಿಸಿದವರು:
ಸುಮಾರು 15.5 ಇಂಚು ಇದೆ. ಹಳೆಯದರಲ್ಲಿ 14.5.

ಉತ್ತರ 2:
ನಿಮ್ಮ ತೊಂದರೆ ಆ ಒಂದು ಇಂಚಿನಲ್ಲಿದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ, ಮತ್ತು ಆಳ ಕಡಿಮೆಯಿರುವಲ್ಲಿ ಅಲೆಯ ವೇಗ ಆ ಆಳದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಲೆಕ್ಕ ಹಾಕಿದರೆ 1 ಮೀಟರಿನ ಅಲೆ ಸೆಕೆಂಡಿಗೆ ಹೆಚ್ಚುಕಡಿಮೆ 3.6 ಮೀಟರ್, 2 ಮೀಟರಿನದು 5 ಮೀಟರ್ ವೇಗದಲ್ಲಿ ಸಾಗುತ್ತದೆ. ಬೋರ್ಡ್‌ನ ತಳವನ್ನು ನೀರು ಮೇಲೆತ್ತುವ ಬಲವಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅಲೆ ಇಮ್ಮಡಿಯಾದಾಗ ಆ ಬಲವೂ ಸುಮಾರು ಇಮ್ಮಡಿಯಾಗುತ್ತದೆ. ಸಣ್ಣ ಅಲೆಯಲ್ಲಿ ನಿಮ್ಮನ್ನು ತೇಲಿಸಿ ಓಡಿಸುವ ಅಗಲವಾದ ಬಾಲವೇ ಇಲ್ಲಿ ಅಂಚನ್ನು ನೀರಿನೊಳಗೆ ಇಳಿಯಗೊಡದೆ ಮೇಲಕ್ಕೆ ತಳ್ಳುತ್ತದೆ. ಅಂಚು ಇಳಿಯದಿದ್ದ ಮೇಲೆ ಫಿನ್ ಎಷ್ಟು ದೊಡ್ಡದಿದ್ದರೇನು?

ಲೀಟರ್ ಲೆಕ್ಕ ಒಟ್ಟು ಎಷ್ಟು ಫೋಮ್ ಇದೆಯೆಂದು ಹೇಳುತ್ತದೆಯೇ ಹೊರತು ಅದು ಎಲ್ಲಿದೆಯೆಂದು ಹೇಳುವುದಿಲ್ಲ. ನಿಮಗೆ ಫೋಮ್ ಬೇಕಿರುವುದು ಎದೆಯ ಕೆಳಗೆ, ಪ್ಯಾಡಲ್‌ಗಾಗಿ. ನನ್ನನ್ನು ಕೇಳಿದರೆ 6 ಅಡಿ 4 ಇಂಚು ಉದ್ದ, 19 ಇಂಚು ಅಗಲ, 2.5 ಇಂಚು ದಪ್ಪದ ಸ್ಟೆಪ್‌ಅಪ್ (ದೊಡ್ಡ ಅಲೆಗೆಂದು ತುಸು ಉದ್ದವಾಗಿ ಮಾಡಿದ ಬೋರ್ಡ್) ನೋಡಿ. 31 ಲೀಟರಿನ ಆಸುಪಾಸು ಬರುತ್ತದೆ, ಅಂದರೆ ಈಗಿರುವುದಕ್ಕಿಂತ ಕಡಿಮೆಯೇ. ನೀರಿನಲ್ಲಿ ಚಾಚಿಕೊಳ್ಳುವ ಉದ್ದ ಹೆಚ್ಚಿದಷ್ಟೂ ಪ್ಯಾಡಲ್ ವೇಗ ಹೆಚ್ಚುವುದರಿಂದ ಆ ಕೊರತೆ ಕಾಣುವುದಿಲ್ಲ. ಬಾಲ ರೌಂಡ್ ಪಿನ್ (ತುದಿಗೆ ಕಿರಿದಾಗುವ ದುಂಡು ಬಾಲ) ಆಗಿರಲಿ, ಅದೇ 12 ಇಂಚಿನ ಗುರುತಿನಲ್ಲಿ 14 ಇಂಚನ್ನು ಮೀರದಿರಲಿ. ಕಡಿದಾದ ಇಳಿಜಾರಿನಲ್ಲಿ ಮೂತಿ ಚುಚ್ಚದಂತೆ ಮುಂಭಾಗದ ರಾಕರ್ (ಮೇಲ್ಮುಖ ಬಾಗು) ನಿಮ್ಮ ಹಳೆಯ ಬೋರ್ಡ್‌ಗಿಂತ ತುಸು ಹೆಚ್ಚಿರಬೇಕು, ಆದರೆ ಅತಿಯಾದರೆ ಅದು ನೀರನ್ನು ದೂಡುತ್ತಾ ಪ್ಯಾಡಲ್ ವೇಗವನ್ನೇ ತಿನ್ನುತ್ತದೆ.

ಹೊರಗಿನ ಫೈಬರ್‌ಗ್ಲಾಸ್ ಪದರ ಒಂದಿಷ್ಟು ದಪ್ಪವಿದ್ದರೂ ಚಿಂತೆಯಿಲ್ಲ, ಗಾಳಿಗೆ ಕದಡಿದ ನೀರಿನಲ್ಲಿ ಆ ಭಾರ ಬೋರ್ಡನ್ನು ಸ್ಥಿರವಾಗಿಡುತ್ತದೆ. ಲೀಶ್ (ಕಾಲಿಗೂ ಬೋರ್ಡ್‌ಗೂ ಕಟ್ಟುವ ಹಗ್ಗ) ಕೂಡ ಬದಲಿಸಿ: 7 ಅಡಿ ಉದ್ದ, 7 ಮಿಲಿಮೀಟರ್ ದಪ್ಪ.

ಪ್ರಶ್ನಿಸಿದವರು:
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಎರವಲು ಸಿಕ್ಕಿದ್ದು 6 ಅಡಿ 3 ಇಂಚಿನ ರೌಂಡ್ ಪಿನ್, 30 ಲೀಟರ್. ತಲೆಗಿಂತ ಎರಡಡಿ ಎತ್ತರದ ಅಲೆಯಲ್ಲೂ ಅಂಚು ಕಚ್ಚಿ ಹಿಡಿಯಿತು, ಪುಟಿತ ನಿಂತಿದೆ. ಆದರೆ ಎದೆಮಟ್ಟದ ಅಲೆಯಲ್ಲಿ ಅದು ಮರದ ದಿಮ್ಮಿಯಂತೆ ತಿರುಗಲೊಲ್ಲದು.

ಉತ್ತರ 2:
ಅದು ಹಾಗೆಯೇ. ಆ ದಿನಗಳಿಗೆ ಹಳೆಯ 5 ಅಡಿ 10 ಇಂಚನ್ನು ಇಟ್ಟುಕೊಳ್ಳಿ, 35 ಲೀಟರಿನದನ್ನು ಮಾರಿಬಿಡಿ.