ಪುಟ್ಟಿ, ಚಿನ್ನುವಿನ ಅಸೆಸ್‌ಮೆಂಟ್ ಬಗ್ಗೆ

ಪುಟ್ಟಿ, ಮನೆಯವರ ಗ್ರೂಪಿಗೆ ನೀನು ಹಾಕಿದ ಮೆಸೇಜ್ ಬೆಳಿಗ್ಗೆಯಿಂದ ಮೂರು ಸಲ ಓದಿದೆ. ಈಗ ಅಡುಗೆ ಮುಗಿಸಿ ಕೂತೆ. ವಾಯ್ಸ್ ಕಳಿಸೋಣ ಅಂತಿದ್ದೆ, ಆದರೆ ಅಮ್ಮನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಅವರೂ ಓದಲಿ ಅಂತ ಬಾಯಲ್ಲಿ ಹೇಳುವುದನ್ನೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಾದಾಗ ಓದು.

ಚಿನ್ನು ಮೂರನೇ ಕ್ಲಾಸು. ಓದಲು ತಡವರಿಸುತ್ತಾನೆ, ಒಂದು ಕಡೆ ಕೂರುವುದಿಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ) ಇದೆಯಾ, ಲರ್ನಿಂಗ್ ಡಿಸೆಬಿಲಿಟಿ (ಎಲ್‌ಡಿ, ಅಂದರೆ ಬುದ್ಧಿ ಇದ್ದೂ ಓದು, ಬರಹ, ಲೆಕ್ಕ ಕಷ್ಟವಾಗುವುದು) ಇದೆಯಾ ಅಂತ ಅಸೆಸ್‌ಮೆಂಟ್ ಮಾಡಿಸಿ ಅಂತ ಮಿಸ್ಸು ಹೇಳಿದ್ದಾರೆ. ನೀನು ವಿಚಾರಿಸಿದ ಪ್ರೈವೇಟ್ ಸೆಂಟರಿನವರು 12,000 ರೂಪಾಯಿ ಕೇಳಿದ್ದಾರೆ. ಮಾಡಿಸಬೇಕಾ ಬೇಡ್ವಾ ಅಂತ ಕೇಳಿದೆ. ಅಣ್ಣ "ಗಂಡು ಹುಡುಗರೆಲ್ಲ ಹಾಗೇ, ದೊಡ್ಡವನಾದರೆ ಸರಿ ಹೋಗುತ್ತೆ" ಅಂದ. ಅತ್ತಿಗೆ "ಈಗಲೇ ಮಗುವಿಗೆ ಹಣೆಪಟ್ಟಿ ಕಟ್ಟಬೇಡಿ" ಅಂದರು.

ನಾನು ಹೇಳುವುದು ಇಷ್ಟು. ಮಾಡಿಸು. ಆದರೆ ದುಡ್ಡು ಕಟ್ಟುವ ಮೊದಲು ಯಾರು ಮಾಡುತ್ತಾರೆ, ಏನೇನು ನೋಡುತ್ತಾರೆ ಅಂತ ಕೇಳು. ಇದನ್ನು ನಾನು ಎರಡು ಸಲ ದುಡ್ಡು ಕೊಟ್ಟು ಕಲಿತೆ.

ನನ್ನ ಮಗಳ ವಿಷಯ ನಿಮಗ್ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅವಳ ನಾಲ್ಕನೇ ಕ್ಲಾಸಿನ ಡಿಕ್ಟೇಶನ್ ಪುಸ್ತಕ ಇವತ್ತಿಗೂ ನನ್ನ ಬೀರುವಿನಲ್ಲಿದೆ. "ಅಕ್ಕ" ಅಂದರೆ "ಅಕ" ಅಂತ ಬರೆದಿದ್ದಾಳೆ. "ಹಣ್ಣು" ಅಂದರೆ "ಹಣು". ಒತ್ತಕ್ಷರ ಬಂದ ಕಡೆಯೆಲ್ಲ ಒತ್ತು ಮಾಯ. ದೀರ್ಘ ಎಲ್ಲಿ ಎಳೆಯಬೇಕೋ ಅಲ್ಲಿಲ್ಲ, ಬೇಡದ ಕಡೆ ಇದೆ. ಇಂಗ್ಲಿಷಿನಲ್ಲಿ ಬಿ ಮತ್ತು ಡಿ ಅದಲುಬದಲು. ಒಂದು ಪುಟದಲ್ಲಿ ರಬ್ಬರ್ ಉಜ್ಜಿ ಉಜ್ಜಿ ಹಾಳೆಯೇ ತೂತಾಗಿದೆ. ಆದರೆ ಪಾಠವನ್ನು ನಾವು ಓದಿ ಹೇಳಿದರೆ ಸಾಕು, ಒಂದೇ ಸಲಕ್ಕೆ ಪೂರ್ತಿ ಕಥೆ ವಾಪಸ್ ಹೇಳುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಇಷ್ಟು ಚುರುಕು ಇದ್ದವಳಿಗೆ ಬರೆಯಲು ಏನು ಧಾಡಿ ಅಂತ. ಒಂದು ರಾತ್ರಿ ಸ್ಕೇಲಿನಲ್ಲಿ ಹೊಡೆದೂ ಬಿಟ್ಟೆ. ಆ ಏಟಿನ ಬಗ್ಗೆ ಇವತ್ತಿಗೂ ನನಗೆ ಸಂಕಟ ಇದೆ.

ಮೊದಲು ಹೋದ ಸೆಂಟರಿನ ಹೆಸರು ಹೇಳುವುದಿಲ್ಲ. ಒಳ್ಳೆ ಬೋರ್ಡು, ಬಣ್ಣದ ಗೋಡೆ, ಆಟದ ಸಾಮಾನು ಎಲ್ಲ ಇತ್ತು. ನನ್ನ ಕೈಗೆ ಒಂದು ಫಾರಂ ಕೊಟ್ಟರು, ತುಂಬಿದೆ. ಮಗಳನ್ನು ಒಳಗೆ ಕರೆದು ನಲವತ್ತು ನಿಮಿಷ ಮಾತಾಡಿಸಿದರು. ಅದೇ ವಾರ ರಿಪೋರ್ಟ್ ಬಂತು. ಎಡಿಎಚ್‌ಡಿಯೂ ಇದೆ, ಎಲ್‌ಡಿಯೂ ಇದೆ ಅಂತ. ಜೊತೆಗೇ ಮೂರು ತಿಂಗಳ ಥೆರಪಿಗೆ ಕಟ್ಟಬೇಕಾದ ದುಡ್ಡಿನ ಲೆಕ್ಕ. ಮನೆಗೆ ಬಂದು ಕೇಳಿದೆ, ಅಲ್ಲಿ ಏನು ಓದಿಸಿದರು ಮಗಳೇ ಅಂತ. "ಏನೂ ಓದಿಸಲಿಲ್ಲಮ್ಮ, ನಿನ್ನ ಫ್ರೆಂಡ್ಸ್ ಯಾರು ಅಂತ ಕೇಳಿದರು" ಅಂದಳು. ಒಂದು ಸಾಲೂ ಓದಿಸದೆ, ಒಂದು ಪದವೂ ಬರೆಸದೆ ಓದು ಬರಹದ ತೊಂದರೆ ಇದೆ ಅಂತ ಹೇಗೆ ಬರೆದರು? ಸಹಿ ಹಾಕಿದವರು ಯಾವುದೋ ಕೋರ್ಸ್ ಮಾಡಿದ ಕೌನ್ಸೆಲರ್.

ಅದಕ್ಕೇ ಮೊದಲ ಫೋನಿನಲ್ಲೇ ಕೇಳು: ಯಾರು ಪರೀಕ್ಷೆ ಮಾಡುತ್ತಾರೆ, ಅವರು ಕ್ಲಿನಿಕಲ್ ಸೈಕಾಲಜಿಸ್ಟಾ (ಮನಸ್ಸು, ಬುದ್ಧಿಯ ಪರೀಕ್ಷೆ ಮಾಡಲು ತರಬೇತಿ ಪಡೆದವರಾ), ಆರ್‌ಸಿಐ ನೋಂದಣಿ ನಂಬರ್ ಏನು? ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಮಂಡಳಿ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳೂ ಸ್ಪೆಷಲ್ ಎಜುಕೇಟರ್‌ಗಳೂ (ಇಂಥ ತೊಂದರೆ ಇರುವ ಮಕ್ಕಳಿಗೆ ಕಲಿಸುವವರು) ಅಲ್ಲಿ ನೋಂದಾಯಿಸಿರುತ್ತಾರೆ. ಸರಿಯಾದವರು ನಂಬರ್ ಹೇಳಲು ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಅಲ್ಲಿಗೆ ಹೋಗಲೇಬೇಡ.

ಎರಡನೇ ಸಲ ಅಂಥ ಒಬ್ಬ ಸೈಕಾಲಜಿಸ್ಟ್ ಹತ್ತಿರ ಹೋದಾಗ ಕೆಲಸ ಹೇಗಿರಬೇಕು ಅಂತ ಗೊತ್ತಾಯಿತು. ಮೊದಲ ದಿನ ಮಗಳು ಬೇಡ, ನೀವಿಬ್ಬರೇ ಬನ್ನಿ ಅಂದರು. ಹೆರಿಗೆ ಹೇಗಾಯಿತು, ಯಾವಾಗ ನಡೆದಳು, ಯಾವಾಗ ಮಾತಾಡಿದಳು, ಮನೆಯಲ್ಲಿ ಯಾರಿಗಾದರೂ ಓದಿನ ತೊಂದರೆ ಇತ್ತಾ ಅಂತ ಒಂದೂವರೆ ಗಂಟೆ ಕೇಳಿದರು. ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ ಅಂದರು. ಆಗಿರಲಿಲ್ಲ. ಮೊದಲು ಅದನ್ನು ಮಾಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಕ್ಲಾಸ್ ಟೀಚರಿಗೆ ಬೇರೆ ಫಾರಂ ಕೊಟ್ಟರು. ಎಡಿಎಚ್‌ಡಿ ಅಂತ ಹೇಳಬೇಕಾದರೆ ಲಕ್ಷಣ ಮನೆಯಲ್ಲಿ ಮಾತ್ರ ಕಂಡರೆ ಸಾಲದು, ಶಾಲೆಯಲ್ಲೂ ಕಾಣಬೇಕು, ಆರು ತಿಂಗಳಿಂದಲಾದರೂ ಇರಬೇಕು ಅಂತ ವಿವರಿಸಿದರು.

ಆಮೇಲೆ ಎರಡು ದಿನ ಮಗಳ ಜೊತೆ. ಬಾಗಿಲು ಅರ್ಧ ತೆರೆದಿತ್ತು, ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮೊದಲು ಬುದ್ಧಿಶಕ್ತಿ ಪರೀಕ್ಷೆ. ಬಣ್ಣದ ಘನಗಳನ್ನು ಚಿತ್ರದಲ್ಲಿದ್ದ ಹಾಗೆ ಜೋಡಿಸುವುದು. ಸರಸರ ಜೋಡಿಸಿದ ಟಕಟಕ ಸದ್ದು ಕೇಳುತ್ತಿತ್ತು. ಆಮೇಲೆ ಅಂಕಿಗಳನ್ನು ಹೇಳಿ ಹಿಂದಿನಿಂದ ಹೇಳು ಅಂದರು. ಅಲ್ಲಿ ತಡವರಿಸಿದಳು. ಆಮೇಲೆ ನಿಮ್ಹಾನ್ಸ್‌ನವರು ರೂಪಿಸಿದ ಎಸ್‌ಎಲ್‌ಡಿ (ಕಲಿಕೆಯ ತೊಂದರೆ) ಪರೀಕ್ಷೆಗಳು. ಓದು, ಉಕ್ತಲೇಖನ, ಲೆಕ್ಕ. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದವಳ ದನಿ ಪುಸ್ತಕ ತೆರೆದ ಕೂಡಲೇ ಸಣ್ಣದಾಯಿತು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ನಾನು ಮನೆಯಲ್ಲಿ ದಿನಾ ಬೈಯುತ್ತಿದ್ದ ದನಿಯೇ ಅದು. ಹೊರಗೆ ಕೂತು ಕೇಳಿದಾಗ ಅದು ಭಯ ಅಂತ ಮೊದಲ ಸಲ ಗೊತ್ತಾಯಿತು.

ರಿಪೋರ್ಟಿನಲ್ಲಿ ಏನಿತ್ತು ಗೊತ್ತಾ? ಬುದ್ಧಿ ಚೆನ್ನಾಗಿದೆ. ಓದು ಎರಡು ಕ್ಲಾಸು ಹಿಂದಿದೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಲು ಬರೆಯಲು ಕಷ್ಟವಾಗುವ ತೊಂದರೆ, ಇದೆ. ಎಡಿಎಚ್‌ಡಿ ಇಲ್ಲ. ಕ್ಲಾಸಿನಲ್ಲಿ ಅವಳು ಎದ್ದೆದ್ದು ಹೋಗುತ್ತಿದ್ದದ್ದು, ನೀರು ಕುಡಿದು ಬರುತ್ತೇನೆ ಅನ್ನುತ್ತಿದ್ದದ್ದು ಓದಲಾಗದೆ ತಪ್ಪಿಸಿಕೊಳ್ಳಲು. ಮೊದಲ ಸೆಂಟರಿನ ಮಾತು ನಂಬಿದ್ದರೆ ಇಲ್ಲದ ತೊಂದರೆಗೆ ಥೆರಪಿ ಕೊಡಿಸುತ್ತಿದ್ದೆವು. ಚಿನ್ನುಗೆ ಎರಡೂ ಇರಬಹುದು, ಒಂದೇ ಇರಬಹುದು, ಎರಡೂ ಇಲ್ಲದೆ ಕನ್ನಡಕ ಬೇಕಾಗಿರಬಹುದು. ಅದನ್ನು ನೀನೂ ಹೇಳಲಾರೆ, ಮಿಸ್ಸೂ ಹೇಳಲಾರರು, ನಾನೂ ಹೇಳಲಾರೆ. ಅದಕ್ಕೇ ಪರೀಕ್ಷೆ.

ಇನ್ನೊಂದು ಮಾತು. ಚಿನ್ನು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇಂಗ್ಲಿಷ್ ಕೇಳಿ ಅಭ್ಯಾಸವಿಲ್ಲದ್ದಕ್ಕೆ ಹಿಂದಿದ್ದಾನಾ, ನಿಜವಾಗಿ ಓದಿನ ತೊಂದರೆಯಾ ಅಂತ ನೋಡಿ ಅಂತ ಅವರಿಗೆ ನೀನೇ ಹೇಳು. ಕನ್ನಡದಲ್ಲೂ ಓದಿಸಿ ನೋಡಲಿ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನಮ್ಮ ಲಿಪಿ ಕಲಿಯಲು ಮಕ್ಕಳಿಗೆ ವರ್ಷಗಳೇ ಬೇಕು. ಅದು ಗೊತ್ತಿರುವವರು ಮೂರನೇ ಕ್ಲಾಸಿನ ಮಗುವಿನ ಎಲ್ಲ ತಪ್ಪನ್ನೂ ಕಾಯಿಲೆ ಅನ್ನುವುದಿಲ್ಲ.

ಪ್ರೈವೇಟ್ ರಿಪೋರ್ಟ್ ಬೇರೆ, ಸರ್ಕಾರಿ ಪ್ರಮಾಣಪತ್ರ ಬೇರೆ. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಮಗು ಹೇಗೆ ಕಲಿಯುತ್ತಾನೆ, ಮನೆಯಲ್ಲಿ ಏನು ಮಾಡಬೇಕು, ಮಿಸ್ಸು ಏನು ಬದಲಾಯಿಸಬೇಕು ಅಂತ ತಿಳಿಯಲು ಪ್ರೈವೇಟ್ ರಿಪೋರ್ಟ್ ಸಾಕು. ಆದರೆ ಬೋರ್ಡ್ ಪರೀಕ್ಷೆಯ ಅನುಕೂಲಕ್ಕೆ, ಯುಡಿಐಡಿ ಕಾರ್ಡಿಗೆ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಕೇಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಸ್ಥಿತಿ) ಅದರಲ್ಲಿದೆ, ಕಲಿಕೆಯ ತೊಂದರೆಯೂ ಇದೆ. ಎಡಿಎಚ್‌ಡಿ ಹೆಸರು ಇಲ್ಲ. ಇದು ನನಗೆ ಅನ್ಯಾಯ ಅನ್ನಿಸುತ್ತದೆ, ಆದರೆ ಸದ್ಯಕ್ಕೆ ಇರುವುದು ಹಾಗೆ. ಕಲಿಕೆಯ ತೊಂದರೆಗೆ ಎಂಟು ವರ್ಷ ಆದಮೇಲೇ ಪ್ರಮಾಣಪತ್ರ ಅಂತ 2018ರ ಮಾರ್ಗಸೂಚಿ ಹೇಳಿತ್ತು, ಈಗ ಹೇಗಿದೆ ಅಂತ ಆಸ್ಪತ್ರೆಯಲ್ಲೇ ಕೇಳು. ಚಿನ್ನುಗೆ ಜೂನ್‌ನಲ್ಲೇ ಎಂಟು ತುಂಬಿತಲ್ವಾ, ಹಾಗಾಗಿ ಆ ಲೆಕ್ಕದಲ್ಲಿ ನಿಮಗೆ ಅಡ್ಡಿ ಇರಲಿಲ್ಲ.

ನಾವು ಪ್ರಮಾಣಪತ್ರಕ್ಕೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿ ತಿಂಗಳುಗಟ್ಟಲೆ ಕಾದೆವು, ಪರೀಕ್ಷೆ ಪುನಃ ಮೊದಲಿಂದ ಮಾಡಿದರು. ಆಗ ಬೇಜಾರಾಯಿತು. ಆದರೆ ಅದರಿಂದ ಅವಳಿಗೆ ಸಿಬಿಎಸ್‌ಇ ಹತ್ತನೇ ಕ್ಲಾಸಿನಲ್ಲಿ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ ಸಿಕ್ಕಿತು. ಆ ಒಂದು ಗಂಟೆ ಅಂದರೆ ಅವಳಿಗೆ ಪ್ರಶ್ನೆಯನ್ನು ಎರಡು ಸಲ ಓದುವಷ್ಟು ಸಮಯ. ದುಡ್ಡಿಗೆ ತೊಂದರೆ ಇದ್ದರೆ ನೇರ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೇ ಹೋಗಬಹುದು. ಕಾಯಬೇಕಾಗಬಹುದು ಅಷ್ಟೇ. ಹೆಸರು ಬರೆಸಿ ಬಾ, ಕಾಯುವ ಹೊತ್ತಿನಲ್ಲಿ ಸುಮ್ನೆ ಕೂರಬೇಡ. ರಾತ್ರಿ ಹತ್ತು ನಿಮಿಷ ನೀನು ಓದಿ ಹೇಳು, ಅವನು ಕೇಳಲಿ. ಓದಿಸಬೇಡ.

ದಯವಿಟ್ಟು ಬೆರಳಚ್ಚಿನ ಪರೀಕ್ಷೆ ಮಾತ್ರ ಮಾಡಿಸಬೇಡ. ಡಿಎಂಐಟಿ ಅಂತಾರೆ, ಶಾಲೆಗಳಿಗೇ ಬಂದು ಮಾರುತ್ತಾರೆ. ಬೆರಳಿನ ಗೆರೆ ನೋಡಿ ಮಗುವಿನ ಮೆದುಳು ಹೇಗಿದೆ ಅಂತ ಹೇಳಲು ಆಗುವುದಿಲ್ಲ, ಅದಕ್ಕೆ ವಿಜ್ಞಾನದ ಆಧಾರ ಇಲ್ಲ. ಎಡಿಎಚ್‌ಡಿಗಾಗಲಿ ಆಟಿಸಂಗಾಗಲಿ ರಕ್ತದಲ್ಲಿ ಗೊತ್ತಾಗುವ ಪರೀಕ್ಷೆಯೂ ಇಲ್ಲ. ಕೂತು ಕೇಳಿ, ನೋಡಿ, ಆಡಿಸಿ, ಓದಿಸಿಯೇ ತಿಳಿಯಬೇಕು.

ಅತ್ತಿಗೆ, ನೀವು ಹೇಳಿದ ಹಣೆಪಟ್ಟಿ ಮಾತಿಗೆ ಬರುತ್ತೇನೆ. ನಿಮ್ಮ ಭಯ ನನಗೆ ಅರ್ಥವಾಗುತ್ತೆ, ನನಗೂ ಅದೇ ಇತ್ತು. ಆದರೆ ನನ್ನ ಮಗಳಿಗೆ ನಾಲ್ಕನೇ ಕ್ಲಾಸಿಗೆ ಬರುವಷ್ಟರಲ್ಲಿ ಸೋಮಾರಿ, ಮೊದ್ದು, ಕಳ್ಳಿ ಅಂತ ಎಲ್ಲ ಪಟ್ಟಿಯೂ ಕಟ್ಟಿ ಆಗಿತ್ತು. ಕಟ್ಟಿದವರಲ್ಲಿ ನಾನೂ ಒಬ್ಬಳು. ರಿಪೋರ್ಟ್ ಬಂದ ದಿನ ಆ ಸೈಕಾಲಜಿಸ್ಟ್ ಅವಳನ್ನೂ ಕೂರಿಸಿಕೊಂಡು ಹೇಳಿದರು, ನಿನಗೆ ಅಕ್ಷರ ಮಾತ್ರ ಕಷ್ಟ, ಯೋಚನೆ ಕಷ್ಟ ಇಲ್ಲ ಅಂತ. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಅವಳು ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಅಮ್ಮ, ನಾಳೆ ಮಿಸ್ಸಿಗೆ ಆ ಪೇಪರ್ ತೋರಿಸ್ತೀಯಾ?" ಅಂತ ಕೇಳಿದಳು. ತೋರಿಸಬೇಕು ಅಂತ ಅವಳಿಗೇ ಆಸೆ ಇತ್ತು.

ಅಣ್ಣಾ, ನಿನ್ನ ಮೊಮ್ಮಗಳ ಬಗ್ಗೆಯೂ ಹೇಳಿಬಿಡುತ್ತೇನೆ, ತಪ್ಪು ತಿಳಿಯಬೇಡ. ಎರಡೂವರೆ ವರ್ಷ ಆಯಿತು, ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ತೋರಿಸಿ ಕೇಳುವುದಿಲ್ಲ ಅಂತ ಸೊಸೆ ಹೇಳುತ್ತಿದ್ದಳು. "ನಾನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂತ ನೀನು ಹೇಳುತ್ತೀಯ. ಅದನ್ನು ನಂಬಿ ಕಾಯಬೇಡ. ಅವರಿರುವುದು ಮೈಸೂರಿನಲ್ಲೇ. ಮಾನಸಗಂಗೋತ್ರಿಯ ಆಯಿಷ್‌ಗೆ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಕರೆದುಕೊಂಡು ಹೋಗಲಿ. ಮೊದಲು ಕಿವಿ ನೋಡುತ್ತಾರೆ, ಆಮೇಲೆ ಮಾತು, ಆಮೇಲೆ ಆಟಿಸಂ ಇದೆಯಾ ಅಂತ. ಏನೂ ಇಲ್ಲದಿದ್ದರೆ ಸಂತೋಷ. ಇದ್ದರೆ ಈ ವಯಸ್ಸಿನಲ್ಲಿ ಶುರು ಮಾಡಿದ ತರಬೇತಿಗೆ ಬೆಲೆ ಜಾಸ್ತಿ.

ಕೊನೆಗೆ ನನ್ನ ವಿಷಯ. ಮಗಳ ಬಗ್ಗೆ ಕೊಟ್ಟ ಫಾರಂ ತುಂಬುವಾಗ ಕೈ ನಿಂತಿತು. ಕೊಟ್ಟ ಕೆಲಸ ಅರ್ಧಕ್ಕೆ ಬಿಡುತ್ತಾಳಾ, ವಸ್ತು ಕಳೆದುಕೊಳ್ಳುತ್ತಾಳಾ, ಎದುರಿಗೆ ಮಾತಾಡಿದರೂ ಕೇಳಿಸಿಕೊಳ್ಳದ ಹಾಗಿರುತ್ತಾಳಾ? ಮಗಳಲ್ಲ, ಅದು ನಾನು. ಎರಡು ವರ್ಷ ಯೋಚನೆ ಮಾಡಿ 43ನೇ ವಯಸ್ಸಿನಲ್ಲಿ ಒಬ್ಬ ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರ ಹತ್ತಿರ ಹೋದೆ. ಅವರು ಆತುರ ಮಾಡಲಿಲ್ಲ. ನಿದ್ದೆ ಕೇಳಿದರು, ಥೈರಾಯ್ಡ್ ನೋಡಿದರು, ಆತಂಕ ಇದೆಯಾ ಅಂದರು. ಎಡಿಎಚ್‌ಡಿ ಆದರೆ ಹನ್ನೆರಡು ವರ್ಷದ ಒಳಗೇ ಶುರುವಾಗಿರಬೇಕು, ಚಿಕ್ಕಂದಿನಲ್ಲಿ ನೋಡಿದವರು ಯಾರಾದರೂ ಇದ್ದಾರಾ ಅಂದರು. ಅಮ್ಮನನ್ನೇ ಕರೆದುಕೊಂಡು ಹೋದೆ.

ಅಮ್ಮ ಟ್ರಂಕಿನಿಂದ ನನ್ನ ಐದನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡ್ ಹುಡುಕಿ ತಂದಿದ್ದರು. ನೀಲಿ ಶಾಯಿಯಲ್ಲಿ ಮೇಷ್ಟ್ರು ಬರೆದಿದ್ದರು: "ಜಾಣೆ. ಆದರೆ ಕೊಟ್ಟ ಕೆಲಸ ಮುಗಿಸುವುದಿಲ್ಲ. ಸದಾ ಕಿಟಕಿಯ ಕಡೆ ನೋಡುತ್ತಾಳೆ." ಕೆಳಗೆ ಅಪ್ಪನ ಸಹಿ. ಡಾಕ್ಟರ್ ಅದನ್ನು ತುಂಬ ಹೊತ್ತು ಓದಿದರು. ಈಗ ಎಡಿಎಚ್‌ಡಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಸೈಕಾಲಜಿಸ್ಟ್ ಮಾತ್ರೆ ಬರೆಯುವ ಹಾಗಿಲ್ಲ, ಅದಕ್ಕೆ ಡಾಕ್ಟರೇ ಬೇಕು, ಇದು ನಿನಗೂ ಗೊತ್ತಿರಲಿ. ಮಾತ್ರೆಯಿಂದ ನಾನು ಬೇರೆ ಹೆಂಗಸಾಗಲಿಲ್ಲ. ಒಂದು ಕೆಲಸ ಹಿಡಿದರೆ ಮುಗಿಯುವವರೆಗೆ ಅಲ್ಲೇ ಇರಲು ಆಗುತ್ತೆ. ಇಷ್ಟು ಉದ್ದ ಬರೆದು ಮುಗಿಸಿದ್ದೂ ಹಾಗೇ. ಅಮ್ಮಾ, ಆ ಕಾರ್ಡ್ ನೀವು ಇಷ್ಟು ವರ್ಷ ಇಟ್ಟಿದ್ದಿರಿ, ನಿಮಗೆ ಸರಿಯಾಗಿ ಹೇಳಲೇ ಇಲ್ಲ, ತುಂಬ ಥ್ಯಾಂಕ್ಸ್.

ಪುಟ್ಟಿ, ರಾತ್ರಿ ನಿದ್ದೆ ಬರುತ್ತಿಲ್ಲ ಅಂದೆ. ನನಗೆ ಯಾವ ಹೊತ್ತಿಗಾದರೂ ಫೋನ್ ಮಾಡು. ನನ್ನ ಹತ್ತಿರ ಹೇಳಲಾಗದ್ದಿದ್ದರೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಶನಿವಾರ ನಾನೇ ಮನೆಗೆ ಬರುತ್ತೇನೆ, ಇಬ್ಬರೂ ಕೂತು ಮೂರ್ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸೋಣ. ಅಪಾಯಿಂಟ್‌ಮೆಂಟ್ ದಿನ ನಿನ್ನ ಚಿಕ್ಕವಳನ್ನು ನಾನು ಹೊರಗೆ ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಚಿನ್ನುವಿನ ಹಳೆ ನೋಟ್‌ಬುಕ್ ಒಂದನ್ನೂ ರದ್ದಿಗೆ ಹಾಕಬೇಡ. ಹರಿದದ್ದು, ಕೆಂಪು ಗೆರೆ ತುಂಬಿದ್ದು, ಅಳಿಸಿ ತೂತಾದದ್ದು ಎಲ್ಲ ಇದ್ದ ಹಾಗೇ ಒಂದು ಕವರಿನಲ್ಲಿ ಹಾಕಿಡು.